ಹೇಳಹೆಸರಿಲ್ಲದ ಮದುಮಗ

ಮಾಂಟ್ರಿಯಲ್
ಜನವರಿ 9, 1934

ಪ್ರೀತಿಯ ಪೆಸ್ಯಕ್ಕನಿಗೆ,

ಒಲೆಯಲ್ಲಿ ಬ್ರೆಡ್ಡಿದ್ದರೆ ಮೊದಲು ತೆಗೆದಿಟ್ಟು ಬಾ, ಆಮೇಲೆ ಕೂತು ಓದು. ಬೇಕರಿಯ ಒಂದಿಡೀ ಒಬ್ಬೆ ಬ್ರೆಡ್ಡು ನನ್ನಿಂದ ಕರಕಲಾಯಿತು ಎಂದು ಹಿರ್ಷ್ ಭಾವ ಜೀವಮಾನವಿಡೀ ಹೇಳಿಕೊಂಡು ತಿರುಗುವುದು ಬೇಡ. ನಿನ್ನ ತಮ್ಮ ಮದುವೆಯಾಗುತ್ತಿದ್ದಾನೆ.

ಹುಡುಗಿಯ ಹೆಸರು ಜ್ಲಾಟಾ. ಟೋಪಿ ಕಾರ್ಖಾನೆಯಲ್ಲಿ ಕೆಲಸ. ಅರ್ಧ ಊರಿಗೆ ಟೋಪಿ ಹಾಕಿದವಳು ಕೊನೆಗೆ ನನಗೂ ಹಾಕಿದಳು. ನಾನೇನು ಕಡಿಮೆ? ನಾಲ್ಕನೇ ವರ್ಷಕ್ಕೇ ಸಾವಿನ ದೂತನಿಗೆ ನಾಮ ಹಾಕಿದವನು. ಜ್ವರದಲ್ಲಿ ಮಲಗಿದ್ದ ಮಗುವಿಗೆ ರಾತ್ರೋರಾತ್ರಿ 'ಆಲ್ಟರ್', ಅಂದರೆ ಮುದುಕ, ಎಂದು ಹೆಸರಿಟ್ಟು, ಹುಡುಗನನ್ನು ಕೇಳಿಕೊಂಡು ಬಂದ ದೂತನಿಗೆ 'ಇಲ್ಲಿರುವುದು ಮುದುಕ' ಎಂದು ಹೇಳಿ ವಾಪಸ್ಸು ಕಳಿಸಿದಿರಂತಲ್ಲ! ಈ ಕಥೆಯನ್ನು ಜ್ಲಾಟಾಳ ಅಪ್ಪನಿಗೆ ಹೇಳಿ, ಜೋಡಿ ಸರಿಯಾಗಿದೆ ನೋಡಿ ಎಂದೆ. ಅವರು ನಗಲಿಲ್ಲ.

ತೊಡಕು ಬಂದದ್ದು ಮದುವೆ ಮಾಡಿಸುವ ರಬ್ಬಿಗಳ ಹತ್ತಿರ. ಮದುವೆಯ ಕರಾರು ಪತ್ರ ಬರೆಯಲು ಕೂತರು.

"ಹೆಸರು?"

"ಆಲ್ಟರ್."

"ಮುದುಕ ಅನ್ನೋದು ವಯಸ್ಸು ಕಣಯ್ಯ. ನಾನು ಕೇಳಿದ್ದು ಹೆಸರು."

"ನನ್ನ ಹತ್ರ ಇರೋದು ಅದೊಂದೇ."

"ಹುಟ್ಟಿದ ಎಂಟನೇ ದಿನ ಏನೋ ಒಂದು ಇಟ್ಟಿರ್ತಾರಲ್ಲ, ಅದು ಬೇಕು. ಚಪ್ಪರದ ಕೆಳಗೆ ಎಲ್ಲರಿಗೂ ಕೇಳೋ ಹಾಗೆ ಓದ್ಬೇಕು. ಅದಿಲ್ದೆ ನಾನು ಲೇಖನಿ ಮುಟ್ಟಲ್ಲ."

ಅಪ್ಪ ಅಮ್ಮ ಇಲ್ಲ. ಹಳೆಯ ಊರಿನ ದಫ್ತರಗಳೆಲ್ಲ ಯುದ್ಧದಲ್ಲಿ ಬೂದಿಯಾದವು. ಗೊತ್ತಿರುವವಳು ಜಗತ್ತಿನಲ್ಲಿ ನೀನೊಬ್ಬಳೇ. ಒಂದು ಪದ ಅಕ್ಕ, ಬರೆದು ಕಳಿಸು. ಫೆಬ್ರವರಿ 20, ಮಂಗಳವಾರ ಮದುವೆ.

ನನ್ನ ಅವಸ್ಥೆ ನೋಡು. ಪತ್ರಿಕೆಯಲ್ಲಿ ಕರಡು ತಿದ್ದುವುದರ ಜೊತೆಗೆ 'ಹೆಸರಿನ ಹಿಂದೆ' ಅಂಕಣ ಬರೆಯುವವನೂ ನಾನೇ. ಯಾರ ಹೆಸರಿನ ಮೂಲವೇನು, ಅರ್ಥವೇನು, ಎಷ್ಟು ಜನಕ್ಕಿದೆ ಎಂದು ಊರಿಗೆಲ್ಲ ಹೇಳುತ್ತೇನೆ. ನಾನು ಮಾತ್ರ ನಾಮಪದವಿಲ್ಲದ ಸರ್ವನಾಮ!

ನಿನ್ನ,
ಹೇಳಹೆಸರಿಲ್ಲದ ತಮ್ಮ

•

ವಿನಿಪೆಗ್
ಜನವರಿ 14, 1934

ಆಲ್ಟರ್, ನನ್ನ ಚಿನ್ನ,

ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ ಎಂಬುದನ್ನೂ ಮರೆತು ಅತ್ತೆ. ಅಮ್ಮ ಇದ್ದಿದ್ದರೆ ಎಂದುಕೊಂಡೆ. ನಿನ್ನ ಭಾವ ನಕ್ಕು, "ಕೊನೆಗೂ ಮುದುಕನಿಗೆ ಪ್ರಾಯ ಬಂತಲ್ಲಪ್ಪ" ಎಂದರು. ಇಬ್ಬರಿಗೂ ಬಾತುಕೋಳಿಯ ತುಪ್ಪುಳಿನ ಹೊದಿಕೆ ಹೊಲಿಯಲು ಹಾಕಿದ್ದೇನೆ. ನಿನ್ನ ಕೋಣೆಯ ಕಿಟಕಿಯ ಸಂದಿಗೆ ಈಗಲಾದರೂ ಬಟ್ಟೆ ತುರುಕಿದೆಯಾ? ಮದುಮಗಳು ಬರುವ ಮನೆ ಅದು.

ಹೆಸರಿನ ವಿಷಯ ನನಗೆ ನೆನಪಿಲ್ಲ. ಆಗ ನಾನೂ ಚಿಕ್ಕವಳು. 'ಇವತ್ತಿನಿಂದ ಇವನು ಆಲ್ಟರ್, ಇನ್ನೊಂದು ಹೆಸರನ್ನ ಯಾರೂ ಬಾಯಲ್ಲಿ ತರಕೂಡದು' ಎಂದು ಅಪ್ಪ ಹೇಳಿದ್ದಷ್ಟೇ ಗೊತ್ತು. ಬಾಯಲ್ಲಿ ತರದ್ದು ತಲೆಯಲ್ಲೂ ಉಳಿಯಲಿಲ್ಲ. ಆಲ್ಟರ್ ಎಂದೇ ಬರೆಯಲು ರಬ್ಬಿಗಳಿಗೆ ಹೇಳು. ಎಷ್ಟೋ ಕಡೆ ಹಾಗೇ ಬರೆಯುತ್ತಾರೆ. ಅವರು ಒಪ್ಪದಿದ್ದರೆ ಬೇರೆ ರಬ್ಬಿ ಹಿಡಿ.

ಮಗ ಕೂಸೀಲ್‌ಗೆ ಮುಂದಿನ ತಿಂಗಳು ನಾಲ್ಕು ತುಂಬುತ್ತದೆ. ನಿನ್ನ ಪತ್ರ ಬಂದರೆ ಅಂಚೆ ಚೀಟಿ ಅವನಿಗೇ ಬೇಕು. ಮೊನ್ನೆ ಒಂದನ್ನು ನುಂಗಿಬಿಟ್ಟ.

ಅಕ್ಕ,
ಪೆಸ್ಯ

•

ಮಾಂಟ್ರಿಯಲ್
ಜನವರಿ 21, 1934

ಅಕ್ಕ,

ಹಳೆಯ ಊರಿನಲ್ಲಿ ಯಾವ ಹೆಂಗಸು ಯಾರ ಮದುವೆಗೆ ಯಾವ ಬಣ್ಣದ ಶಾಲು ಹೊದ್ದು ಬಂದಿದ್ದಳು ಎಂಬುದು ನಿನಗೆ ನೆನಪಿದೆ. ಒಡಹುಟ್ಟಿದವನ ಹೆಸರು ನೆನಪಿಲ್ಲ! ಅಷ್ಟೊಂದು ಕೆಟ್ಟ ಹೆಸರೇ? ಹೇಳಿಬಿಡು, ನಾನು ಈಗಾಗಲೇ ಸಾಕಷ್ಟು ಹೆಸರು ಕೆಡಿಸಿಕೊಂಡಿದ್ದೇನೆ. ರಬ್ಬಿಗಳು ಜಗ್ಗುತ್ತಿಲ್ಲ. ಜ್ಲಾಟಾಳ ಅಪ್ಪ ನಿನ್ನೆ, "ಹೆಸರೇ ಇಲ್ದೋನಿಗೆ ಮಗಳನ್ನ ಕೊಟ್ಟು ನಾಳೆ ಯಾರ ಹೆಸರು ಹಿಡ್ಕೊಂಡು ಕೂಗ್ಲಿ?" ಎಂದರು. ಜ್ಲಾಟಾ ಟೋಪಿಗೆ ಸೂಜಿ ಚುಚ್ಚುತ್ತಾ ಕೂತಿದ್ದಳು. ಆ ಸೂಜಿ ನನಗೇ ಚುಚ್ಚಿದ ಹಾಗಾಯಿತು.

ನಿನಗೊಂದು ಸಿಹಿ ಸುದ್ದಿ. ನಿನ್ನ ಮಗ ಹೆಸರುವಾಸಿಯಾದ!

ಮಂಗಳವಾರ ಒಬ್ಬ ಓದುಗ ನನ್ನನ್ನು ಹುಡುಕಿಕೊಂಡು ಅಚ್ಚಿನ ಮನೆಯೊಳಕ್ಕೇ ಬಂದ. ಬೂದು ಬಣ್ಣದ ಉದ್ದ ಕೋಟು, ಕೈಯಲ್ಲಿ ಟೋಪಿ. ಇಷ್ಟು ಮರ್ಯಾದೆಯ ಮನುಷ್ಯನನ್ನು ನಾನು ನೋಡಿಯೇ ಇಲ್ಲ.

"ಒಂದು ಹೆಸರಿನ ಬಗ್ಗೆ ತಿಳ್ಕೋಬೇಕಿತ್ತು ಸ್ವಾಮಿ. ಯೆಕೂಸೀಲ್. ಮನೇಲಿ ಕೂಸೀಲ್ ಅಂತಾರೆ."

ನಮ್ಮ ಕೂಸೀಲ್! ನನಗೆ ಸಂತೋಷ ತಡೆಯಲಾಗಲಿಲ್ಲ. ಕೂರಿಸಿ ಎಲ್ಲ ಹೇಳಿದೆ. ಮೂಲ: ಧರ್ಮಗ್ರಂಥದಲ್ಲಿ ಒಂದೇ ಒಂದು ಸಲ ಬರುತ್ತದೆ, ಅದೂ ವಂಶಾವಳಿಯ ಸಾಲಿನಲ್ಲಿ, ಮೂಲೆಯಲ್ಲಿ ನಿಂತ ನೆಂಟನ ಹಾಗೆ. ಅರ್ಥ: ದೇವರಿಗಾಗಿ ಕಾಯುವವನು ಎಂದು ಕೆಲವರು, ದೇವರೇ ಕಾಯುವವನು ಎಂದು ಕೆಲವರು. ಯಾರು ಯಾರನ್ನು ಕಾಯಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ ಎಂದೆ. ಆತ ನಗದೆ, "ನಾನೂ ತುಂಬಾ ವರ್ಷದಿಂದ ಕಾಯ್ತಾ ಇದೀನಿ" ಎಂದ.

"ಈ ದೇಶದಲ್ಲಿ ಎಷ್ಟು ಜನಕ್ಕಿದೆ?"

"ನನಗೆ ಗೊತ್ತಿರೋ ಹಾಗೆ ಒಬ್ಬನಿಗೇ. ನನ್ನ ಅಕ್ಕನ ಮಗ. ವಿನಿಪೆಗ್‌ನಲ್ಲಿದ್ದಾನೆ."

"ವಯಸ್ಸು?"

"ನಾಲ್ಕು ತುಂಬ್ತಾ ಇದೆ."

ಆತ ಕಣ್ಣು ಮುಚ್ಚಿಕೊಂಡು, ಬಹಳ ದೂರ ನಡೆದು ಬಂದವನು ಬೂಟು ಬಿಚ್ಚಿದಾಗ ಬಿಡುವಂಥ ಉಸಿರು ಬಿಟ್ಟ. ಎದ್ದು ಕೈಕುಲುಕಿದ. ಎಂಥ ತಣ್ಣಗಿನ ಕೈ! ಆಗ ಗಮನಿಸಿದೆ, ಅವನ ಹೆಗಲ ಮೇಲೆ ಹಿಮ ಹಾಗೇ ಕೂತಿತ್ತು. ಅಚ್ಚುಮೊಳೆ ಎರೆಯುವ ಯಂತ್ರದ ಪಕ್ಕದಲ್ಲೇ ಕೂರಿಸಿದ್ದೆ. ಸೀಸ ಕರಗುವ ಜಾಗದಲ್ಲಿ ಹಿಮ ಕರಗಿರಲಿಲ್ಲ! ಅಷ್ಟು ಹೊತ್ತು ಮಾತಾಡಿದೆ, ಬಹುಶಃ ನನ್ನ ನಗೆಮಾತುಗಳ ಶೈತ್ಯವಿರಬೇಕು.

ಶುಕ್ರವಾರದ ಅಂಕಣದಲ್ಲಿ ಇದನ್ನೇ ಬರೆದೆ. ಪತ್ರಿಕೆಯ ತುಂಡು ಇಟ್ಟಿದ್ದೇನೆ. ಕೂಸೀಲ್ ನುಂಗದಂತೆ ನೋಡಿಕೋ.

ನಿನ್ನ,
ಇನ್ನೂ ಅನಾಮಧೇಯ

•

ವಿನಿಪೆಗ್
ಜನವರಿ 25, 1934

ಆಲ್ಟರ್,

ಅವನಿಗೆ ನಮ್ಮ ಬೀದಿಯ ಹೆಸರು ಹೇಳಿದೆಯಾ? ಬೇರೇನೂ ಬರೆಯಬೇಡ. ನಗೆಮಾತು ಬೇಡ. ಹೇಳಿದೆಯಾ, ಇಲ್ಲವಾ?

ಪೆಸ್ಯ

•

ಮಾಂಟ್ರಿಯಲ್
ಜನವರಿ 29, 1934

ಅಕ್ಕ,

ಅಬ್ಬಾ, ಎಂಥ ಸಿಟ್ಟು! ಮಗನ ಹೆಸರು ಅಚ್ಚಾಯಿತೆಂದು ಬೇಕರಿಯ ಬಾಗಿಲಿಗೆ ಸಿಹಿ ಬನ್ನಿನ ತೋರಣ ಕಟ್ಟುತ್ತೀಯ ಅಂದುಕೊಂಡಿದ್ದೆ. ದೃಷ್ಟಿ ತಾಗುತ್ತದೆ ಎಂಬ ಭಯವೇ? ಕೆಂಪು ದಾರ ಕಟ್ಟು, ಮೂರು ಸಲ ಉಗುಳು, ಮುಗಿಯಿತು.

ಹೌದು, ಹೇಳಿದೆ. ಸೆಲ್ಕರ್ಕ್ ಬೀದಿ, ಬೇಕರಿಯ ಮೇಲ್ಮಹಡಿ, ಯಾರನ್ನು ಕೇಳಿದರೂ ತೋರಿಸುತ್ತಾರೆ ಎಂದೆ. ಆತ ಮೂರು ಸಲ ಥ್ಯಾಂಕ್ಸ್ ಹೇಳಿದ. ಪಾಪ, ಬಹಳ ಅಲೆದಿದ್ದಾನೆ. "ಹಿಂದೆ ಒಂದು ಮನೆಗೆ ಹೋಗಿದ್ದೆ ಸ್ವಾಮಿ. ಬಾಗಿಲು ತೆಗೆದ ಹುಡುಗಿ, ಆ ಹೆಸರಿನೋರು ಯಾರೂ ಇಲ್ಲ, ಒಬ್ಬ ಮುದುಕ ಮಲಗಿದ್ದಾನೆ ಅಂದ್ಲು" ಎಂದ. ನಾನು ನಕ್ಕು, ನನ್ನ ಹೆಸರೂ ಮುದುಕನೇ ಸ್ವಾಮಿ ಎಂದೆ. ಆತ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಇನ್ನೂ ಆಗಿಲ್ಲ" ಎಂದ.

ನನ್ನ ಸಂಕಟಕ್ಕೆ ಬರೋಣ. ರಬ್ಬಿಗಳು ಕೊಟ್ಟ ಗಡುವು ಮುಗಿಯುತ್ತಾ ಬಂತು. ನಿನ್ನೆ ಜ್ಲಾಟಾ ಮೊದಲ ಸಲ ಅತ್ತಳು. "ನನಗೆ ನೀನು ಆಲ್ಟರ್ ಆದ್ರೂ ಸರಿ, ಕಂಬ ಆದ್ರೂ ಸರಿ. ಆದ್ರೆ ಮದುವೆ ಅಂತ ಒಂದು ಆಗ್ಬೇಕಲ್ಲ ಮಾರಾಯ" ಎಂದಳು. ಹೆಸರು ಸಿಗದಿದ್ದರೆ ಈ ಮದುವೆ ಇಲ್ಲ, ಅಕ್ಕ. ಇವಳಲ್ಲದೆ ನನಗೆ ಬೇರೆ ಮದುವೆಯೂ ಇಲ್ಲ. ಇದು ನಗೆಮಾತಲ್ಲ.

ಆಲ್ಟರ್

•

ವಿನಿಪೆಗ್
ಫೆಬ್ರವರಿ 4, 1934

ಆಲ್ಟರ್,

ನೆನಪಿಲ್ಲ ಎಂದದ್ದು ಸುಳ್ಳು. ನಿನ್ನ ಹೆಸರು ಯೆಕೂಸೀಲ್.

ನಿನಗೆ ಜ್ವರ ಬಂದ ಚಳಿಗಾಲದಲ್ಲಿ ಅಪ್ಪ ಪ್ರಾರ್ಥನಾ ಮಂದಿರಕ್ಕೆ ಹೋಗಿ ನಿನ್ನ ಹೆಸರು ಬದಲಾಯಿಸಿ ಬಂದರು. ಅವರು ಕೋಟು ಬಿಚ್ಚುವ ಮೊದಲೇ ಬಾಗಿಲು ತಟ್ಟಿದ ಶಬ್ದವಾಯಿತು. ತೆಗೆದವಳು ನಾನು. ಬೂದು ಕೋಟಿನ ಮನುಷ್ಯ ಟೋಪಿ ತೆಗೆದು ಒಳಗೆ ಬಂದು, ಒಲೆಯ ಪಕ್ಕ ನಿಂತು, "ಕೂಸೀಲ್ ಇದ್ದಾನಾ ಮಗು?" ಎಂದ. ಹೇಳಿಕೊಟ್ಟ ಮಾತು ಹೇಳಿದೆ. ಅವನು ಕ್ಷಮೆ ಕೇಳಿ ಹೋದ. ಒಲೆಯ ಪಕ್ಕ ನಿಂತಷ್ಟು ಹೊತ್ತೂ ಅವನ ಹೆಗಲ ಮೇಲಿನ ಹಿಮ ಕರಗಲಿಲ್ಲ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ನೀನು ಹೇಗೆ ಬರೆದೆ?

ನನ್ನ ಕೂಸು ಹುಟ್ಟಿದಾಗ, ನಿನಗೆ ಇಟ್ಟಿದ್ದ ತಾತನ ಹೆಸರನ್ನೇ ಇಡಬೇಕೆನ್ನಿಸಿತು. ಬದುಕಿರುವವರ ಹೆಸರು ಮಗುವಿಗೆ ಇಡಬಾರದು, ಗೊತ್ತು. ಆದರೆ ತಾತ ತೀರಿಹೋಗಿ ಕಾಲವಾಯಿತು, ನೀನು ಆ ಹೆಸರನ್ನು ಬಿಟ್ಟು ಕಾಲವಾಯಿತು. ನಿನಗೆ ಚಿಕ್ಕದಾದ ಅಂಗಿಯನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದೇವೆ, ತೆಗೆದು ಇವನಿಗೆ ತೊಡಿಸಿದರೆ ಯಾರಿಗೇನು ಎಂದುಕೊಂಡೆ. ಆ ಅಂಗಿಯನ್ನು ಇನ್ನೂ ಒಬ್ಬ ಹುಡುಕುತ್ತಿದ್ದಾನೆ ಎಂದು ಹೊಳೆಯಲಿಲ್ಲ. ನೀನು ಹೆಸರು ಕೇಳಿದಾಗ ಬಾಯಿ ಮುಚ್ಚಿಕೊಂಡದ್ದು ಇದಕ್ಕೇ. ನೀನು ವಾಪಸ್ಸು ತೆಗೆದುಕೊಂಡರೆ ಒಂದೇ ಹೆಸರಿಗೆ ಇಬ್ಬರು. ನನ್ನ ಮಗನಿಗೆ ಏನಾಗುತ್ತದೋ ಎಂದು.

ಗುರುವಾರ ಅವನು ಬಂದ. ಕೂಸೀಲ್‌ಗೆ ಹಿಂದಿನ ದಿನವೇ ಮೈ ಸುಡತೊಡಗಿತ್ತು. ನಾನೂ ನಿನ್ನ ಭಾವನೂ ಮಗುವನ್ನು ಆಲ್ಟರ್ ಎಂದು ಕರೆಯಲು ಶುರು ಮಾಡಿದ್ದೆವು.

"ಕೂಸೀಲ್ ಇದ್ದಾನಾ ತಾಯಿ?"

"ಆ ಹೆಸರಿನೋರು ಯಾರೂ ಇಲ್ಲ. ಒಬ್ಬ ಮುದುಕ ಮಲಗಿದ್ದಾನೆ."

"ಇದೇ ಮಾತು ಹಿಂದೆ ಒಂದ್ಸಲ ಕೇಳಿದೀನಿ" ಎಂದ, ಒಂದಿಷ್ಟೂ ಕೋಪವಿಲ್ಲದೆ. "ಇದೇ ದನಿಯಲ್ಲಿ."

ಅಷ್ಟರಲ್ಲಿ ಮೇಲಿನಿಂದ ನನ್ನ ಮಗ ಅಳುತ್ತಾ ಕೂಗಿದ. "ಅಮ್ಮಾ, ನಾನು ಆಲ್ಟರ್ ಮಾಮ ಅಲ್ಲ! ನಾನು ಕೂಸೀಲ್!"

ಬಂದವನು ಮೆಟ್ಟಿಲ ಕಡೆ ನೋಡಿದ, ಆಮೇಲೆ ನನ್ನನ್ನು ನೋಡಿದ. "ಇಬ್ಬರು ಇದ್ದ ಹಾಗಿದೆ. ನನಗೆ ಹೇಳಿರೋದು ಒಬ್ಬನ್ನ. ತಪ್ಪು ಮಾಡೋಕೆ ನನಗೆ ಅಪ್ಪಣೆ ಇಲ್ಲ ತಾಯಿ. ವಿಚಾರಿಸಿ ನೋಡ್ತೀನಿ" ಎಂದು ಹೇಳಿ ಬೀದಿಯಾಚೆ ಎದುರಿನ ಬೆಂಚಿನ ಮೇಲೆ ಹೋಗಿ ಕೂತ. ಇನ್ನೂ ಅಲ್ಲೇ ಇದ್ದಾನೆ. ನಿಮ್ಮ ಪತ್ರಿಕೆ ಓದುತ್ತಾನೆ. ಮಡಿಸುತ್ತಾನೆ, ಬಿಡಿಸುತ್ತಾನೆ, ಮತ್ತೆ ಅದನ್ನೇ ಓದುತ್ತಾನೆ. ಮಗುವಿನ ಜ್ವರ ಇಳಿದಿಲ್ಲ.

ನಾನು ನಿನ್ನನ್ನು ಏನೂ ಕೇಳುತ್ತಿಲ್ಲ. ನೀನು ಹೆಸರು ಕೇಳಿದ್ದೆ, ಕೊಟ್ಟಿದ್ದೇನೆ. ಅಷ್ಟೇ.

ಪೆಸ್ಯ

•

ಮಾಂಟ್ರಿಯಲ್
ಫೆಬ್ರವರಿ 8, 1934

ಅಕ್ಕ,

ನಿನ್ನ ಪತ್ರವನ್ನು ಕರಡು ಓದುವ ಹಾಗೆ ಅಕ್ಷರ ಅಕ್ಷರ ಓದಿದೆ. ಒಂದೂ ತಪ್ಪು ಸಿಗಲಿಲ್ಲ. ತಪ್ಪೆಲ್ಲ ನನ್ನ ಅಂಕಣದಲ್ಲಿದೆ. ವಿಳಾಸ ಕೊಟ್ಟವನು ನಾನು. ಅದೂ ಹಲ್ಲುಕಿರಿಯುತ್ತಾ.

ಪತ್ರಿಕೆಯಲ್ಲಿ ತಪ್ಪಾದರೆ ನಮ್ಮಲ್ಲಿ ಒಂದು ಪದ್ಧತಿಯಿದೆ. ನಾಳಿನ ಸಂಚಿಕೆಯಲ್ಲಿ, ಅದೇ ಪುಟ, ಅದೇ ಜಾಗದಲ್ಲಿ ಇದು ಬರುತ್ತದೆ. ಅಚ್ಚುಮೊಳೆಯನ್ನು ನಾನೇ ಕೂತು ಜೋಡಿಸಿದೆ:

'ತಿದ್ದುಪಡಿ: ಈ ದೇಶದಲ್ಲಿ ಯೆಕೂಸೀಲ್ ಎಂಬ ಹೆಸರಿನವನು ವಿನಿಪೆಗ್‌ನಲ್ಲಿದ್ದಾನೆಂದು ಈ ಅಂಕಣದಲ್ಲಿ ಹೇಳಿದ್ದು ತಪ್ಪು. ಅಲ್ಲಿರುವ ಹುಡುಗನ ಹೆಸರು ಆಲ್ಟರ್. ಯೆಕೂಸೀಲ್ ಇರುವುದು ಮಾಂಟ್ರಿಯಲ್‌ನಲ್ಲಿ, ಈ ಅಂಕಣ ಬರೆಯುವವನೇ ಅವನು. ಇದೇ 20ರಂದು ಅವನ ಮದುವೆ. ಈ ಹೆಸರಿನ ಬಗ್ಗೆ ಆಸಕ್ತಿಯುಳ್ಳವರು ಬಂದು ವಿಚಾರಿಸಬಹುದು.'

ಮಗನಿಗೆ ಆಲ್ಟರ್ ಎಂದೇ ಕರೆ. ಅವನು ಅತ್ತರೆ, ಮಾಮ ತನ್ನ ಹೆಸರನ್ನು ನಿನಗೆ ಉಡುಗೊರೆ ಕೊಟ್ಟಿದ್ದಾನೆ, ಬದಲಿಗೆ ನಿನ್ನದನ್ನು ತೆಗೆದುಕೊಂಡಿದ್ದಾನೆ ಎಂದು ಹೇಳು. ಅಂಚೆ ಚೀಟಿಗಳನ್ನೂ ಇಟ್ಟಿದ್ದೇನೆ.

ನಿನ್ನ,
ಯೆಕೂಸೀಲ್

(ಬರೆದು ನೋಡಿದೆ. ಬೇರೆಯವರ ಕೋಟು ತೊಟ್ಟ ಹಾಗಿದೆ.)

•

ವಿನಿಪೆಗ್
ಫೆಬ್ರವರಿ 13, 1934

ನನ್ನ ಚಿನ್ನ,

ನಿನ್ನೆ ಪತ್ರಿಕೆ ಬಂತು. ಅವನು ಬೆಂಚಿನ ಮೇಲೆ ಓದಿದ. ನಾನು ಗಾಜಿನ ಹಿಂದೆ ನಿಂತು ನೋಡುತ್ತಿದ್ದೆ. ನಿಧಾನವಾಗಿ ಓದಿ ಮಡಿಸಿ, ಜೇಬಿಗಿಟ್ಟು, ನನ್ನ ಕಡೆ ತಿರುಗಿ ಟೋಪಿ ಎತ್ತಿದ. ಆಮೇಲೆ ರೈಲು ನಿಲ್ದಾಣದ ಕಡೆಗೆ ನಡೆದು ಹೋದ. ಇಲ್ಲಿ ವಾರದಿಂದ ಹಿಮ ಬೀಳುತ್ತಿದೆ. ಹೋದ ದಾರಿಯಲ್ಲಿ ಹೆಜ್ಜೆ ಗುರುತು ಕಾಣಲಿಲ್ಲ.

ಸಾಯಂಕಾಲ ಮಗು ಬೆವತು ಎದ್ದು ಬೆಣ್ಣೆ ಬ್ರೆಡ್ ಕೇಳಿತು. ತಿನ್ನುವುದನ್ನು ನೋಡುತ್ತಾ ನಕ್ಕೆ. ಆಮೇಲೆ ನಾನು ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು.

ಮದುವೆ ಮುಂದಕ್ಕೆ ಹಾಕು. ಹೆಸರು ಓದಿಸಬೇಡ. ಜ್ಲಾಟಾಳನ್ನು ಕರೆದುಕೊಂಡು ಎಲ್ಲಾದರೂ ಹೋಗಿಬಿಡು. ಅಂದು ಅವನನ್ನು ನಿನ್ನಿಂದ ಆಚೆ ಕಳಿಸಿದವಳು ನಾನು, ಈಗ ನಿನ್ನ ಕಡೆಗೆ ಕಳಿಸಿದವಳೂ ನಾನೇ ಆದೆನಲ್ಲ. ನಿನ್ನ ಕಾಲು ಹಿಡಿಯುತ್ತೇನೆ ಆಲ್ಟರ್. ಆಲ್ಟರ್, ಆಲ್ಟರ್, ಆಲ್ಟರ್. ನಾನು ನಿನ್ನನ್ನು ಬೇರೆ ಹೆಸರಿಂದ ಕರೆಯುವುದಿಲ್ಲ.

ಪೆಸ್ಯ

•

ಮಾಂಟ್ರಿಯಲ್
ಫೆಬ್ರವರಿ 21, 1934

ಅಕ್ಕ,

ಮದುವೆಯಾಯಿತು. ಈ ಪತ್ರ ಬರೆಯುತ್ತಿರುವವನು ನಾನೇ, ಕೈಬರಹ ನೋಡಿಕೋ.

ಚಪ್ಪರದ ಕೆಳಗೆ ರಬ್ಬಿಗಳು ಗಂಟಲು ಸರಿಮಾಡಿಕೊಂಡು, "ಯೆಕೂಸೀಲ್, ಆಲ್ಟರ್ ಎಂದು ಕರೆಯಲ್ಪಡುವವನು" ಎಂದು ಓದಿದರು. ಹಿಂದೆ ಬಾಗಿಲು ತೆರೆದ ಸದ್ದು. ಎಲ್ಲರೂ ಚಳಿಗೆ ಕಾಲರ್ ಎತ್ತಿಕೊಂಡರು. ನಾನು ತಿರುಗಿ ನೋಡದೆ ಉಂಗುರ ತೊಡಿಸಿದೆ, ಪದ್ಧತಿಯಂತೆ ಗ್ಲಾಸು ತುಳಿದು ಒಡೆದೆ. ಜನ ಕುಣಿಯಲು ಶುರು ಮಾಡಿದ ಮೇಲೆ ಕೋಟುಗಳನ್ನು ತೂಗುಹಾಕಿದ್ದ ಮೂಲೆಗೆ ಹೋದೆ. ಅಲ್ಲಿ ನಿಂತಿದ್ದ. ಹೆಗಲ ಮೇಲೆ ಅದೇ ಹಿಮ.

"ನೀವೇನಾ ಕೂಸೀಲ್?"

"ನಾನೇ."

"ನನಗೆ ಹೇಳಿದ್ದು ನಾಲ್ಕು ವರ್ಷದ ಮಗು."

"ನೀವು ತಡವಾಗಿ ಬಂದ್ರಿ ಸ್ವಾಮಿ. ಮಗು ಕಾದು ಕಾದು ಬೆಳೆದುಬಿಡ್ತು."

"ಸರಿಯಾದ ಹೊತ್ತಿಗೇ ಬಂದಿದ್ದೆ. ನಿಮ್ಮ ಅಕ್ಕ ಸುಳ್ಳು ಹೇಳಿದ್ರು. ಒಳಗಿರೋನು ಮುದುಕ ಅಂದ್ರು."

ಪೆಸ್ಯಕ್ಕ, ಆಗಲೂ ಈ ಹಾಳು ನಾಲಿಗೆ ಸುಮ್ಮನಿರಬೇಕಲ್ಲ!

"ಸುಳ್ಳಲ್ಲ ಸ್ವಾಮಿ," ಎಂದೆ. "ಸ್ವಲ್ಪ ಮುಂಚೆ ಹೇಳಿದ್ಲು, ಅಷ್ಟೇ."

ಆತ ಯೋಚಿಸಿದ. ಪಿಟೀಲು ನಿಂತು, ಮತ್ತೆ ಶುರುವಾಗುವಷ್ಟು ಹೊತ್ತು ಯೋಚಿಸಿದ. ಅಷ್ಟರಲ್ಲಿ ಜ್ಲಾಟಾ ನನ್ನನ್ನು ಹುಡುಕಿಕೊಂಡು ಬಂದಳು. ಯಾರೋ ಓದುಗರು ಎಂದುಕೊಂಡು ಜೇನಿನ ಕೇಕು ಕೊಟ್ಟು, ಟೋಪಿ ಇಸಿದುಕೊಂಡು ಗೂಟಕ್ಕೆ ಹಾಕಹೋದವಳು ಅದನ್ನು ತಿರುಗಿಸಿ ಒಳಗೆ ನೋಡಿದಳು. ಅವಳ ವೃತ್ತಿಯ ಚಟ ಅದು.

"ಹಾಗಾದ್ರೆ ಅದು ಸುಳ್ಳಲ್ಲ ಅಂತ ಬರ್ಕೊಳ್ತೀನಿ," ಎಂದ ಆತ ನನಗೆ. "ನಿಮ್ಮ ಅಕ್ಕ ಹೇಳಿದ್ದು ನಿಜ ಆದ ದಿನ ಬರ್ತೀನಿ. ವಿನಿಪೆಗ್‌ನಲ್ಲಿ ನನಗೆ ಇನ್ನೇನೂ ಕೆಲಸ ಇಲ್ಲ." ಜ್ಲಾಟಾಳ ಕೈಯಿಂದ ಟೋಪಿ ತೆಗೆದುಕೊಂಡು, ತಲೆ ಬಾಗಿಸಿ, "ನೂರ್ಕಾಲ ಬಾಳಿ" ಎಂದು ಹೇಳಿ ಹೋದ. ಕೇಕಿನ ತಟ್ಟೆ ಹಾಗೇ ಇತ್ತು. ಮೇಲೆಲ್ಲ ಮಂಜು ಕಟ್ಟಿತ್ತು.

ದಾರಿಯಲ್ಲಿ ಜ್ಲಾಟಾ ಕೇಳಿದಳು. "ಅದ್ಯಾರು? ಟೋಪಿ ಅಷ್ಟು ಹಳೇದು, ಒಳಪಟ್ಟಿಯಲ್ಲಿ ಒಂದು ಬೆವರಿನ ಕಲೆ ಇಲ್ವಲ್ಲ. ತಲೇನೇ ಇಲ್ದೋರು ಹಾಕ್ಕೊಂಡ ಹಾಗಿತ್ತು."

"ದೂರದ ನೆಂಟ," ಎಂದೆ. "ಇನ್ನೂ ದೂರದಲ್ಲೇ ಇರ್ಲಿ."

ಅವಳು ನಕ್ಕಳು. ನಾನೂ ನಕ್ಕೆ. ಮುದುಕನಾಗಲು ಎಷ್ಟು ವರ್ಷ ಬೇಕು, ಅಕ್ಕ? ಮೂವತ್ತು? ನಲವತ್ತು? ಇಡೀ ರಾತ್ರಿ ಆ ಲೆಕ್ಕ ಹಾಕಿ ಸಂತೋಷಪಟ್ಟೆ. ಸಾವಿಗೆ ಎರಡನೇ ಸಲ ನಾಮ ಹಾಕಿದೆ ಎಂದುಕೊಂಡೆ.

ಬೆಳಿಗ್ಗೆ ಜ್ಲಾಟಾ ಕಾಫಿ ತಂದಳು. "ಕಿಟಕಿ ಸಂದೀಲಿ ಹಿಮ ಬಂದಿದೆ ನೋಡು. ನಿನ್ನ ತಲೆ ಮೇಲೆಲ್ಲ ಬಿದ್ದಿದೆ" ಎಂದು ಕಿವಿಯ ಮೇಲಿನ ಕೂದಲನ್ನು ಕೈಯಿಂದ ಒರೆಸಿದಳು.

ಮತ್ತೆ ಒರೆಸಿದಳು.

ಕಾಫಿಯ ಬಿಸಿ ಲೋಟವನ್ನು ಅಲ್ಲಿಗೆ ಒತ್ತಿ ಹಿಡಿದಳು.

ಅದು ಕರಗುತ್ತಿಲ್ಲ, ಅಕ್ಕ.

ಮಗುವಿಗೆ ಮುತ್ತು ಕೊಡು. ಪತ್ರ ಬರೆದರೆ ಬೇಗ ಬರೆ. ನಿನ್ನ ಮಾತನ್ನು ಸುಳ್ಳು ಮಾಡಬಾರದೆಂದು, ಮುದುಕನಾಗಲು ನಾನು ಸ್ವಲ್ಪ ಅವಸರದಲ್ಲಿದ್ದ ಹಾಗಿದೆ.

ಇಂತು,
ಇನ್ನು ನಿಜಕ್ಕೂ, ನಿನ್ನ
ಆಲ್ಟರ್